ಯಾವುದಕ್ಕೆ ಹೋಲಿಸಿದರೆ? ಅಂಕಿ-ಅಂಶಗಳನ್ನು ಚಿತ್ರವಾಗಿಸುವ ಕೆಲಸದ ಬಗ್ಗೆ

(ಪತ್ರಿಕಾ ದಿನಾಚರಣೆಯ ಅಂಗವಾಗಿ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರಿಗೆ, ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ, ಗ್ರಾಮ ಪಂಚಾಯತ್ ಗ್ರಂಥಾಲಯಗಳಿಂದ ಬಂದಿರುವ ಮೇಲ್ವಿಚಾರಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ಮಂಗಳೂರಿನ ಪತ್ರಿಕೆಗಳಲ್ಲಿ ಒಂದು ಅಂಕಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಎಷ್ಟು ಮೀಟರ್ ಉಳಿದಿದೆ ಎಂಬ ಅಂಕಿ. ಒಂದು ವಾರ ಐದು ಮೀಟರ್, ಮುಂದಿನ ವಾರ ನಾಲ್ಕೂವರೆ, ಅದರಾಚೆಗೆ ನಾಲ್ಕು. ಅಂಕಿಯಲ್ಲಿ ತಪ್ಪೇನೂ ಇಲ್ಲ. ಆದರೆ ಕದ್ರಿಯಲ್ಲೋ ಬೋಳಾರದಲ್ಲೋ ಮನೆಯ ನಲ್ಲಿಯನ್ನೇ ನಂಬಿ ಕುಳಿತವರಿಗೆ ನಾಲ್ಕೂವರೆ ಮೀಟರ್ ಎಂದರೆ ಏನು ತಿಳಿಯಬೇಕು? ಟ್ಯಾಂಕ್ ತುಂಬಿಸಿಟ್ಟುಕೊಳ್ಳಬೇಕೇ? ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆ ಇದ್ದರೆ ಈಗಲೇ ಟ್ಯಾಂಕರಿಗೆ ಹೇಳಿಡಬೇಕೇ? ಮೀಟರ್ ಲೆಕ್ಕ ಅಣೆಕಟ್ಟಿನ ಎಂಜಿನಿಯರಿಗೆ ಉತ್ತರ ಕೊಡುತ್ತದೆ, ಪತ್ರಿಕೆ ಓದುವವರಿಗೆ ಕೊಡುವುದಿಲ್ಲ.

ಇದನ್ನೇ ಚಿತ್ರವಾಗಿಸೋಣ. ಅಡ್ಡ ಅಕ್ಷದಲ್ಲಿ ಫೆಬ್ರವರಿಯಿಂದ ಜೂನ್ ಮಧ್ಯದವರೆಗಿನ ದಿನಗಳು. ಲಂಬ ಅಕ್ಷದಲ್ಲಿ ನೀರಿನ ಮಟ್ಟ. ಈ ವರ್ಷದ ಗೆರೆ ದಪ್ಪಗೆ, ಗಾಢ ನೀಲಿಯಲ್ಲಿ. ಅದರ ಹಿಂದೆ ತೆಳ್ಳಗೆ ಬೂದು ಬಣ್ಣದಲ್ಲಿ 2019ರ ಗೆರೆ ಮತ್ತು 2023ರ ಗೆರೆ. ಆ ಎರಡು ಬೇಸಿಗೆಗಳಲ್ಲಿ ನಗರದಲ್ಲಿ ನೀರಿನ ರೇಷನಿಂಗ್ ಆದದ್ದು ಇಲ್ಲಿರುವ ಎಲ್ಲರಿಗೂ ನೆನಪಿರುತ್ತದೆ. ಆ ಗೆರೆಗಳ ಮೇಲೆ ರೇಷನಿಂಗ್ ಶುರುವಾದ ದಿನಕ್ಕೆ ಒಂದೊಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ‘ಇಲ್ಲಿಂದ ನೀರಿನ ರೇಷನಿಂಗ್’ ಎಂದು ಬರೆಯಿರಿ. ಅಷ್ಟೇ. ಈ ವರ್ಷದ ಗೆರೆ ಆ ಹಳೆಯ ಗೆರೆಗಳಿಗಿಂತ ಮೇಲಿದೆಯೇ ಕೆಳಗಿದೆಯೇ ಎಂಬುದು ನೋಡಿದೊಡನೆ ತಿಳಿಯುತ್ತದೆ. ಮೀಟರ್ ಎಂಬ ಪದವನ್ನೇ ಓದದವರಿಗೂ ತಿಳಿಯುತ್ತದೆ.

ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೊಳೆಯ ಪಾತ್ರ ಕೆಳಗೆ ಕಿರಿದು, ಮೇಲೆ ಅಗಲ. ಹಾಗಾಗಿ ಆರು ಮೀಟರ್ ಇದ್ದದ್ದು ಮೂರಕ್ಕೆ ಇಳಿದರೆ ಅರ್ಧ ನೀರು ಉಳಿದಿದೆ ಎಂದು ಅರ್ಥವಲ್ಲ, ಅರ್ಧಕ್ಕಿಂತ ಸಾಕಷ್ಟು ಕಡಿಮೆ ಉಳಿದಿದೆ ಎಂದು ಅರ್ಥ. ಮೇಲಿನ ಒಂದು ಮೀಟರ್‌ನಲ್ಲಿರುವ ನೀರು, ತಳದ ಒಂದು ಮೀಟರ್‌ನಲ್ಲಿರುವ ನೀರಿಗಿಂತ ಬಹಳ ಹೆಚ್ಚು. ಪತ್ರಿಕೆಯಲ್ಲಿ ಒಂದು ನೇರ ಕೊಳವೆಯ ಚಿತ್ರ ಬರೆದು ಅರ್ಧದವರೆಗೆ ನೀಲಿ ಬಣ್ಣ ತುಂಬಿದರೆ ಚಿತ್ರ ಚೆಂದವಾಗಿರುತ್ತದೆ, ಆದರೆ ಓದುಗರಿಗೆ ಇಲ್ಲದ ಧೈರ್ಯ ಕೊಡುತ್ತದೆ. ಹಾಗಾಗಿ ಮಟ್ಟದ ಬದಲು ‘ಇಂದಿನ ಬಳಕೆಯಂತೆ ಇನ್ನೆಷ್ಟು ದಿನಕ್ಕೆ ನೀರು’ ಎಂಬುದನ್ನು ಎಂಜಿನಿಯರುಗಳಿಂದ ಕೇಳಿ ಪಡೆದು ಅದನ್ನೇ ಚಿತ್ರಿಸುವುದು ಮೇಲು. ದಿನಗಳ ಲೆಕ್ಕ ಎಲ್ಲರಿಗೂ ಗೊತ್ತು.

ನಾನು ಇಂದು ಹೇಳಬೇಕೆಂದು ಬಂದದ್ದು ಈ ಉದಾಹರಣೆಯಲ್ಲೇ ಇದೆ. ಇನ್ಫೋಗ್ರಾಫಿಕ್, ಅಂದರೆ ಅಂಕಿ-ಅಂಶಗಳ ಚಿತ್ರ, ಎಂದ ಕೂಡಲೇ ನಾವು ಬಣ್ಣ, ಚಿಕ್ಕ ಚಿಕ್ಕ ಚಿತ್ರ, ಸಾಫ್ಟ್‌ವೇರ್ ಎಂದು ಯೋಚಿಸತೊಡಗುತ್ತೇವೆ. ಅದರ ಮುಖ್ಯ ಕೆಲಸ ಬಣ್ಣ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರಬೇಕು. ಓದುವವರ ಪರವಾಗಿ ಒಬ್ಬರು ಕುಳಿತು, ‘ಈ ಅಂಕಿ ಯಾವುದಕ್ಕೆ ಹೋಲಿಸಿದರೆ ಹೆಚ್ಚು, ಯಾವುದಕ್ಕೆ ಹೋಲಿಸಿದರೆ ಕಡಿಮೆ? ಇದನ್ನು ತಿಳಿದವರು ನಾಳೆ ಏನು ಮಾಡಬೇಕು?’ ಎಂದು ಕೇಳಿರಬೇಕು. ಆ ಪ್ರಶ್ನೆ ಕೇಳದೆ ಬರೆದ ಚಿತ್ರ ಎಷ್ಟೇ ವರ್ಣಮಯವಾಗಿರಲಿ, ಅದು ಅಲಂಕಾರ ಮಾಡಿದ ಕೋಷ್ಟಕ ಮಾತ್ರ.

ಈ ಮಾತನ್ನು ಮಂಗಳೂರಿನಲ್ಲಿ ಆಡುವುದಕ್ಕೆ ನನಗೆ ವಿಶೇಷ ಸಂತೋಷವಿದೆ. 1843ರ ಜುಲೈ 1ರಂದು ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಇದೇ ಊರಿನಲ್ಲಿ. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ಪತ್ರಿಕೆ. ಮೊಳೆ ಜೋಡಿಸುವ ಮುದ್ರಣದಲ್ಲಿ ಅಕ್ಷರಕ್ಕೆ ಒಂದು ದಾರಿ, ಚಿತ್ರಕ್ಕೆ ಇನ್ನೊಂದು ದಾರಿ. ಕಲ್ಲಚ್ಚಿನಲ್ಲಿ ಅಕ್ಷರವೂ ಗೆರೆಯೂ ಒಂದೇ ಕಲ್ಲಿನ ಮೇಲೆ ಕೈಬರಹದಿಂದಲೇ ಮೂಡಬಲ್ಲವು. ಕನ್ನಡ ಪತ್ರಿಕೆ ಹುಟ್ಟಿದಾಗಲೇ ಬರಹ ಮತ್ತು ಚಿತ್ರ ಅಕ್ಕಪಕ್ಕ ಕುಳಿತುಕೊಳ್ಳಲು ಜಾಗವಿತ್ತು. ಬಳಿಕ ಅವುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದವರು ನಾವು. ವರದಿಗಾರರು ಬರೆದು ಕಳುಹಿಸುತ್ತಾರೆ, ಪುಟ ವಿನ್ಯಾಸಕಾರರು ಕೊನೆಯ ಗಳಿಗೆಯಲ್ಲಿ ‘ಒಂದು ಗ್ರಾಫಿಕ್ಸ್’ ಹಾಕುತ್ತಾರೆ. ಇಬ್ಬರೂ ಕೂತು ಮಾತನಾಡುವುದೇ ಇಲ್ಲ. ನನಗೆ ಇದು ಬಹಳ ಬೇಸರದ ಸಂಗತಿ.

ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಊರಿನ ಕಥೆಗೂ ಹತ್ತಿರವಾಗಿದೆ. 1854ರಲ್ಲಿ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಬಂದು ಕೆಲವೇ ವಾರಗಳಲ್ಲಿ ಆರು ನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗಿನ ವೈದ್ಯರಲ್ಲಿ ಬಹುಪಾಲು ಜನ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ನೀರನ್ನು ಶಂಕಿಸಿದ. ಮನೆ ಮನೆಗೆ ಹೋಗಿ ವಿಚಾರಿಸಿದ. ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟ್‌ನ ಒಂದು ಕೈಪಂಪಿನ ನೀರು ಕುಡಿಯುತ್ತಿದ್ದರು ಎಂದು ಕಂಡಿತು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ತೆಗೆಯಲಾಯಿತು. ಬೀದಿಯ ನಕ್ಷೆಯ ಮೇಲೆ ಪ್ರತಿ ಸಾವಿಗೂ ಒಂದು ಕಪ್ಪು ಗೀಟು ಹಾಕಿದ ಆತನ ಪ್ರಸಿದ್ಧ ನಕ್ಷೆ ಬಂದದ್ದು ಅದಾದ ಮೇಲೆ.

ನಕ್ಷೆ ನೋಡಿಯೇ ಆತ ಕಾರಣ ಕಂಡುಹಿಡಿದ ಎಂದು ಜನಪ್ರಿಯವಾಗಿ ಹೇಳುವುದುಂಟು. ಹಾಗಲ್ಲ. ಕಂಡುಹಿಡಿದದ್ದು ಓಡಾಟದಿಂದ, ವಿಚಾರಣೆಯಿಂದ. ನಕ್ಷೆ ಮಾಡಿದ ಕೆಲಸ ಬೇರೆ: ಒಪ್ಪದವರ ಮುಂದೆ ಪುರಾವೆಯನ್ನು ಒಂದೇ ಹಾಳೆಯಲ್ಲಿ ಹಿಡಿದು ನಿಂತದ್ದು. ಪಂಪಿನ ಸುತ್ತ ಕಪ್ಪು ಗೀಟುಗಳು ಒತ್ತೊತ್ತಾಗಿವೆ, ದೂರ ಹೋದಂತೆ ಕಡಿಮೆಯಾಗುತ್ತವೆ. ಅಷ್ಟೇ ಮುಖ್ಯವಾದದ್ದು ಗೀಟುಗಳು ಇಲ್ಲದ ಜಾಗ. ಪಂಪಿಗೆ ಹತ್ತಿರವೇ ಒಂದು ಬಿಯರ್ ತಯಾರಿಕಾ ಘಟಕವಿತ್ತು. ಅಲ್ಲಿನ ಕೆಲಸಗಾರರು ಬಿಯರ್ ಕುಡಿಯುತ್ತಿದ್ದರು, ಘಟಕಕ್ಕೆ ತನ್ನದೇ ಬಾವಿಯೂ ಇತ್ತು. ಅವರು ಬದುಕಿ ಉಳಿದರು. ಕೆಟ್ಟ ಗಾಳಿಯೇ ಕಾರಣವಾಗಿದ್ದರೆ ಅವರು ಉಸಿರಾಡಿದ್ದೂ ಅದೇ ಗಾಳಿಯಲ್ಲವೇ? ನಕ್ಷೆಯಲ್ಲಿ ಖಾಲಿ ಇರುವ ಜಾಗವೂ ಮಾತನಾಡುತ್ತದೆ ಎಂಬುದನ್ನು ನಾನು ಕಲಿತದ್ದು ಇದರಿಂದ.

ಮಂಗಳೂರಿಗೂ ಮಲೇರಿಯಾಕ್ಕೂ ಇರುವ ಹಳೆಯ ನಂಟು ಇಲ್ಲಿರುವ ಆಶಾ ಕಾರ್ಯಕರ್ತೆಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆಗಿಂತ ಹೆಚ್ಚಾಗಿ ತಿಳಿ ನೀರಿನಲ್ಲಿ: ಮುಚ್ಚಳವಿಲ್ಲದ ತಾರಸಿ ಟ್ಯಾಂಕು, ಬಾವಿ, ಕಟ್ಟುತ್ತಿರುವ ಕಟ್ಟಡದ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು. ನಗರದ ಒಟ್ಟು ಪ್ರಕರಣ ಇಷ್ಟು ಎಂದು ಒಂದು ಸಾಲಿನಲ್ಲಿ ಹೇಳಿದರೆ ಇದು ಯಾವುದೂ ಕಾಣುವುದಿಲ್ಲ. 2015ರಲ್ಲಿ ನಗರದಲ್ಲಿ ಬಂದ ಗಣಕೀಕೃತ ಮಲೇರಿಯಾ ನಿಯಂತ್ರಣ ವ್ಯವಸ್ಥೆಯಲ್ಲಿ ಕಾರ್ಯಕರ್ತರು ಟ್ಯಾಬ್ ಹಿಡಿದು ರೋಗಿಯ ಮನೆಗೆ ಹೋಗಿ ಸ್ಥಳವನ್ನು ದಾಖಲಿಸತೊಡಗಿದರು. ಆಗ ಪ್ರತಿ ಪ್ರಕರಣಕ್ಕೂ ನಕ್ಷೆಯಲ್ಲಿ ಒಂದು ಜಾಗ ಸಿಕ್ಕಿತು. ಯಾವ ಬೀದಿಗೆ ಮೊದಲು ಹೋಗಬೇಕು ಎಂಬ ಪ್ರಶ್ನೆಗೆ ಅಂತಹ ನಕ್ಷೆ ಉತ್ತರಿಸಬಲ್ಲದು. ಸ್ನೋ ಗೀಟು ಹಾಕಿದ ನಕ್ಷೆಯ ಮೊಮ್ಮಗು ಇದು.

ಆದರೆ ಕಾರ್ಯಕರ್ತೆಯರ ಕೈಯಲ್ಲಿರುವ ನಕ್ಷೆ ಮತ್ತು ಪತ್ರಿಕೆಯಲ್ಲಿ ಅಚ್ಚಾಗುವ ನಕ್ಷೆ ಒಂದೇ ಆಗಿರಬಾರದು. ಮನೆಯ ಮೇಲೆಯೇ ಚುಕ್ಕೆ ಇಟ್ಟು ಪ್ರಕಟಿಸಿದರೆ ಯಾರಿಗೆ ರೋಗ ಬಂದಿದೆ ಎಂದು ಇಡೀ ಊರಿಗೆ ಗೊತ್ತಾಗುತ್ತದೆ. ಹೊರಗಿನವರಿಗೆ ವಾರ್ಡ್ ಮಟ್ಟದ ನಕ್ಷೆ ಸಾಕು. ಅದರಲ್ಲೂ ವಾರ್ಡಿನ ಒಟ್ಟು ಪ್ರಕರಣಕ್ಕಿಂತ ಸಾವಿರ ಜನರಿಗೆ ಎಷ್ಟು ಪ್ರಕರಣ ಎಂಬ ದರವನ್ನು ತೋರಿಸಬೇಕು. ಒಟ್ಟು ಸಂಖ್ಯೆಯನ್ನೇ ಬಣ್ಣದಲ್ಲಿ ತೋರಿಸಿದರೆ, ಜನ ಹೆಚ್ಚಿರುವ ಜಾಗವೆಲ್ಲ ಕೆಂಪಾಗುತ್ತದೆ. ರೋಗ ಯಾವುದೇ ಇರಲಿ, ಅದು ಪುನಃ ಪುನಃ ಅದೇ ಜನಸಂಖ್ಯೆಯ ನಕ್ಷೆ.

ಈಗ ವಿಯೆನ್ನಾಕ್ಕೆ ಬರುತ್ತೇನೆ. 1920ರ ದಶಕದಲ್ಲಿ ಅಲ್ಲಿ ಒಟ್ಟೊ ನಾಯ್ರಾತ್ ಎಂಬ ಸಮಾಜವಿಜ್ಞಾನಿ ಒಂದು ವಸ್ತುಸಂಗ್ರಹಾಲಯ ಕಟ್ಟಿದ. ಕಾರ್ಖಾನೆಯ ಕೂಲಿಕಾರರಿಗೆ ವಸತಿ, ಆರೋಗ್ಯ, ವೇತನ ಇವುಗಳ ಲೆಕ್ಕ ತಿಳಿಯಬೇಕು ಎಂಬುದು ಅವನ ಆಸೆ. ಗೆರ್ಡ್ ಆರ್ನ್‌ಟ್ಜ್ ಎಂಬ ಕಲಾವಿದ ಸರಳವಾದ ಸಾವಿರಾರು ಸಂಕೇತ ಚಿತ್ರಗಳನ್ನು ಕೊರೆದುಕೊಟ್ಟ. ಮುಂದೆ ಐಸೊಟೈಪ್ ಎಂದು ಹೆಸರಾದ ಈ ಪದ್ಧತಿಯ ಒಂದು ನಿಯಮವನ್ನು ನಾವು ಇಂದೂ ಬಿಡಬಾರದು: ಪ್ರಮಾಣ ಹೆಚ್ಚಾದರೆ ಚಿತ್ರವನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರವನ್ನು ಹೆಚ್ಚು ಬಾರಿ ಬರೆಯಿರಿ.

ಕಾರಣ ಸುಲಭ. ಬಂಗುಡೆಯ ಇಳುವರಿ ಈ ವರ್ಷ ಎರಡು ಪಟ್ಟಾಯಿತು ಎಂದು ತೋರಿಸಲು ಒಂದು ಚಿಕ್ಕ ಬಂಗುಡೆ, ಪಕ್ಕದಲ್ಲಿ ಎರಡು ಪಟ್ಟು ಉದ್ದದ ದೊಡ್ಡ ಬಂಗುಡೆ ಬರೆದೆವು ಎನ್ನಿ. ಉದ್ದ ಎರಡು ಪಟ್ಟಾದಾಗ ಅಗಲವೂ ಎರಡು ಪಟ್ಟಾಗುತ್ತದೆ, ಮೀನು ಆವರಿಸುವ ಜಾಗ ನಾಲ್ಕು ಪಟ್ಟಾಗುತ್ತದೆ. ನೋಡುವ ಕಣ್ಣು ಜಾಗವನ್ನೇ ಅಳೆಯುತ್ತದೆ. ಹೇಳಿದ್ದು ಎರಡು ಪಟ್ಟು, ಕಂಡದ್ದು ನಾಲ್ಕು ಪಟ್ಟು. ಮಲ್ಪೆಯ ಮೀನುಗಾರರು ಅದನ್ನು ನೋಡಿ ‘ಇಷ್ಟೊಂದು ಸಿಕ್ಕಿದ್ದು ಯಾರಿಗೆ?’ ಎಂದು ಕೇಳಿದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಅದರ ಬದಲು ಒಂದು ಮೀನಿಗೆ ಇಷ್ಟು ಟನ್ ಎಂದು ನಿಗದಿಪಡಿಸಿ, ಹೋದ ವರ್ಷಕ್ಕೆ ಆರು ಮೀನು, ಈ ವರ್ಷಕ್ಕೆ ಹನ್ನೆರಡು ಮೀನು ಸಾಲಾಗಿ ಬರೆದರೆ ಎಣಿಸಿ ನೋಡಬಹುದು.

ಇದೇ ಪದ್ಧತಿಯಲ್ಲಿ ನಾನು ಎಲ್ಲ ಪಂಚಾಯತ್ ಗ್ರಂಥಾಲಯಗಳ ಗೋಡೆಯ ಮೇಲೆ ನೋಡಬಯಸುವ ಒಂದು ಚಿತ್ರವಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಈ ಮಿಲಿಮೀಟರ್ ಎಂಬ ಅಳತೆ ಮನಸ್ಸಿಗೆ ಹತ್ತುವುದಿಲ್ಲ. ಆದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹಾಗಾದರೆ ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 58 ಟ್ಯಾಂಕರ್. ಒಂದು ಹೆಂಚಿನ ಮನೆ, ಅದರ ಮುಂದೆ 58 ಟ್ಯಾಂಕರುಗಳ ಸಾಲು, ಇಷ್ಟನ್ನು ಬರೆಯಿರಿ. ಏಪ್ರಿಲ್ ತಿಂಗಳಲ್ಲಿ ಹಣ ಕೊಟ್ಟು ಟ್ಯಾಂಕರ್ ತರಿಸಿಕೊಳ್ಳುವ ಮನೆಯವರು ಅದರ ಮುಂದೆ ನಿಂತು ಯೋಚಿಸದೆ ಮುಂದೆ ಹೋಗಲಾರರು. ಮಳೆಕೊಯ್ಲಿನ ಬಗ್ಗೆ ನಾಲ್ಕು ಪುಟದ ಕರಪತ್ರಕ್ಕಿಂತ ಈ ಸಾಲಿಗೆ ಬಲ ಹೆಚ್ಚು ಎಂದು ನನ್ನ ದೃಢ ನಂಬಿಕೆ.

ನಾಯ್ರಾತ್‌ನ ತಂಡದಲ್ಲಿ ಇನ್ನೊಬ್ಬರಿದ್ದರು, ಮರೀ ರೈಡೆಮೈಸ್ಟರ್. ಮುಂದೆ ಅವನನ್ನೇ ಮದುವೆಯಾಗಿ ಮರೀ ನಾಯ್ರಾತ್ ಆದರು. ಆಕೆಯ ಕೆಲಸ ಚಿತ್ರ ಬರೆಯುವುದೂ ಅಲ್ಲ, ಅಂಕಿ ಸಂಗ್ರಹಿಸುವುದೂ ಅಲ್ಲ. ತಜ್ಞರು ತಂದ ರಾಶಿ ಅಂಕಿಗಳಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕು ಎಂದು ನಿರ್ಧರಿಸಿ, ಪೆನ್ಸಿಲಿನಲ್ಲಿ ಕರಡು ಗೀಚಿ ಕಲಾವಿದರಿಗೆ ಕೊಡುವುದು. ಪರಿವರ್ತಕಿ ಎಂದು ಆ ತಂಡದಲ್ಲಿ ಅವರನ್ನು ಕರೆಯುತ್ತಿದ್ದರು. ನಮ್ಮ ಕಚೇರಿಗಳಲ್ಲಿ ಅಂಕಿ ಬಲ್ಲವರು ಇದ್ದಾರೆ, ಚಿತ್ರ ಬಲ್ಲವರೂ ಇದ್ದಾರೆ. ನಡುವಿನ ಈ ಕುರ್ಚಿ ಖಾಲಿ ಇದೆ. ಇಲ್ಲಿರುವ ವಿದ್ಯಾರ್ಥಿಗಳೇ, ಆ ಕುರ್ಚಿಯಲ್ಲಿ ನೀವು ಕುಳಿತುಕೊಳ್ಳಬೇಕು. ಅದಕ್ಕೆ ಚಿತ್ರ ಬಿಡಿಸಲು ಬರಲೇಬೇಕೆಂದಿಲ್ಲ. ಓದುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು ಎಂಬ ಕಾಳಜಿ ಇರಬೇಕು.

ಆ ಕಾಳಜಿಗೆ ಒಂದು ಉದಾಹರಣೆ ಕೊಡುತ್ತೇನೆ. ತಿಂಗಳುವಾರು ಮಳೆಯ ಸ್ತಂಭನಕ್ಷೆಯನ್ನು ಬೆಳ್ತಂಗಡಿಯ ಹಿರಿಯ ಕೃಷಿಕರೊಬ್ಬರಿಗೆ ಬರೆಯುವುದಾದರೆ, ಅಡಿಯಲ್ಲಿ ಜೂನ್, ಜುಲೈ, ಆಗಸ್ಟ್ ಎಂದಷ್ಟೇ ಏಕೆ ಬರೆಯಬೇಕು? ಕಾರ್ತೆಲ್, ಆಟಿ, ಸೋಣ ಎಂದೂ ಬರೆಯಬಹುದಲ್ಲ. ತುಳು ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಕೆಯಾಗುವುದರಿಂದ ದಿನವಾರು ಅಂಕಿಗಳನ್ನು ಹೊಸದಾಗಿ ಕೂಡಿಸಬೇಕಾಗುತ್ತದೆ, ಸ್ವಲ್ಪ ಹೆಚ್ಚಿನ ಕೆಲಸ. ಆದರೆ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ನೇಜಿ (ಭತ್ತದ ಸಸಿ) ನೆಟ್ಟ ನೆನಪು ಆ ಹೆಸರುಗಳೊಂದಿಗೆ ಬೆಸೆದುಕೊಂಡಿದೆ. ಮಳೆ ಹಿಂದೆ ಸರಿದಿದೆಯೇ ಎಂದು ತಾವೇ ನೋಡಿ ಹೇಳಬಲ್ಲವರು ಅವರು.

ಇನ್ನು ಕಣ್ಣಿನ ಶಕ್ತಿಯ ಬಗ್ಗೆ ಸ್ವಲ್ಪ. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಜನರಿಗೆ ಬಗೆಬಗೆಯ ನಕ್ಷೆಗಳನ್ನು ತೋರಿಸಿ ಪ್ರಯೋಗ ಮಾಡಿದರು. ಒಂದೇ ಅಳತೆಗೋಲಿನ ಮೇಲಿರುವ ಸ್ಥಾನಗಳನ್ನು ನಾವು ಅತ್ಯಂತ ನಿಖರವಾಗಿ ಹೋಲಿಸುತ್ತೇವೆ. ಉದ್ದ ಅದರ ನಂತರ. ಕೋನ ಇನ್ನೂ ಕಷ್ಟ. ವಿಸ್ತೀರ್ಣ ಮತ್ತು ಬಣ್ಣದ ಗಾಢತೆಯಲ್ಲಿ ಬಹಳ ತಪ್ಪುತ್ತೇವೆ. ನಮ್ಮಲ್ಲಿ ಎಲ್ಲರಿಗೂ ಪ್ರಿಯವಾದ, ವೃತ್ತವನ್ನು ಹೋಳುಗಳಾಗಿ ಕತ್ತರಿಸಿ ತೋರಿಸುವ ಪೈ ನಕ್ಷೆಗೆ ಇದು ಒಳ್ಳೆಯ ಸುದ್ದಿಯಲ್ಲ. ಎರಡು ಮೂರು ಭಾಗಗಳಿದ್ದಾಗ, ‘ಅರ್ಧಕ್ಕಿಂತ ಹೆಚ್ಚು’ ಎಂದು ಹೇಳಬೇಕಾದಾಗ ಪೈ ನಕ್ಷೆ ಚೆನ್ನಾಗಿಯೇ ಇರುತ್ತದೆ. ಪಂಚಾಯತಿನ ಹನ್ನೆರಡು ಬಾಬ್ತುಗಳ ಖರ್ಚನ್ನು ಹನ್ನೆರಡು ಬಣ್ಣಗಳ ಪೈ ನಕ್ಷೆಯಲ್ಲಿ ಹಾಕಿ, ಪಕ್ಕದಲ್ಲಿ ಬಣ್ಣಗಳ ಪಟ್ಟಿ ಕೊಟ್ಟರೆ ಓದುವವರು ಅತ್ತಿತ್ತ ನೋಡಿ ದಣಿಯುತ್ತಾರೆ. ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಅಡ್ಡ ಸ್ತಂಭಗಳಲ್ಲಿ ಹಾಕಿ.

ಅಡ್ಡ ಸ್ತಂಭ ಎಂದು ಒತ್ತಿ ಹೇಳುವುದಕ್ಕೆ ಕನ್ನಡದ್ದೇ ಆದ ಕಾರಣವೂ ಇದೆ. ನಮ್ಮ ಹೆಸರುಗಳು ಉದ್ದ: ಬೆಳ್ತಂಗಡಿ, ಮೂಡುಬಿದಿರೆ, ಕುಂದಾಪುರ, ಬ್ರಹ್ಮಾವರ. ನಿಂತ ಸ್ತಂಭಗಳ ಕೆಳಗೆ ಇವು ಹಿಡಿಸುವುದಿಲ್ಲ, ಆಗ ಸಾಫ್ಟ್‌ವೇರ್ ಅವುಗಳನ್ನು ಓರೆಯಾಗಿಯೋ ಲಂಬವಾಗಿಯೋ ತಿರುಗಿಸಿಬಿಡುತ್ತದೆ. ಕತ್ತು ಓರೆ ಮಾಡಿ ಓದಬೇಕು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಕಾಗುವುದಿಲ್ಲ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರ ಚದುರಿ ‘ಬೆಳ್ತಂಗಡಿ’ ಗುರುತೇ ಸಿಗದಂತಾಗುತ್ತದೆ. ಅಚ್ಚಿಗೆ ಕಳುಹಿಸುವ ಮೊದಲು ಕನ್ನಡ ಓದಬಲ್ಲ ಒಬ್ಬರು ಪ್ರತಿ ಪದವನ್ನೂ ನೋಡಲೇಬೇಕು. ಸಂಖ್ಯೆಗಳನ್ನು ಲಕ್ಷ, ಕೋಟಿಗಳಲ್ಲಿ ಕೊಡಿ. ‘2.1 ಮಿಲಿಯನ್’ ಎಂದು ಓದಿ ಮನಸ್ಸಿನಲ್ಲೇ ಇಪ್ಪತ್ತೊಂದು ಲಕ್ಷ ಎಂದು ಲೆಕ್ಕ ಹಾಕುವ ಕಷ್ಟವನ್ನು ಓದುಗರ ಮೇಲೆ ಏಕೆ ಹೇರಬೇಕು?

ಇನ್ನು ಮೋಸದ ವಿಷಯ. ಬೇಕೆಂದೇ ಮಾಡಿದ ಮೋಸಕ್ಕಿಂತ ಅರಿವಿಲ್ಲದೆ ಆಗುವ ಮೋಸ ಹೆಚ್ಚು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ 94 ಶೇಕಡಾ ಫಲಿತಾಂಶದೊಂದಿಗೆ ರಾಜ್ಯಕ್ಕೆ ಪ್ರಥಮ, ದಕ್ಷಿಣ ಕನ್ನಡ 92.12 ಶೇಕಡಾದೊಂದಿಗೆ ದ್ವಿತೀಯ. ಎರಡು ಸ್ತಂಭ ಬರೆದು, ಲಂಬ ಅಕ್ಷವನ್ನು ಸೊನ್ನೆಯ ಬದಲು 90ರಿಂದ ಆರಂಭಿಸಿ ನೋಡಿ. ಉಡುಪಿಯ ಸ್ತಂಭದ ಎತ್ತರ 4, ನಮ್ಮದು 2.12. ಉಡುಪಿಯವರು ನಮ್ಮ ದುಪ್ಪಟ್ಟು ಎಂಬಂತೆ ಕಾಣುತ್ತದೆ. ನಿಜವಾದ ಅಂತರ ಎರಡು ಶೇಕಡಾಕ್ಕಿಂತಲೂ ಕಡಿಮೆ. ಕೆಲವು ತಂತ್ರಾಂಶಗಳು ಅಕ್ಷವನ್ನು ತಾವಾಗಿಯೇ ಹೀಗೆ ಕತ್ತರಿಸಿ ಕೊಡುತ್ತವೆ, ಬರೆದವರಿಗೆ ಗೊತ್ತೇ ಆಗುವುದಿಲ್ಲ. ಸ್ತಂಭದಲ್ಲಿ ಎತ್ತರವೇ ಅರ್ಥ, ಆದ್ದರಿಂದ ಸ್ತಂಭನಕ್ಷೆ ಸೊನ್ನೆಯಿಂದಲೇ ಶುರುವಾಗಬೇಕು. ಗೆರೆಯ ನಕ್ಷೆಗೆ ಈ ಕಟ್ಟು ಇಲ್ಲ, ಅಲ್ಲಿ ನಾವು ನೋಡುವುದು ಏರಿಳಿತವನ್ನು. ಮಂಗಳೂರಿನ ಉಷ್ಣಾಂಶವನ್ನು ಸೊನ್ನೆ ಡಿಗ್ರಿಯಿಂದ ಆರಂಭಿಸಿದರೆ ಒಂದು ಮಟ್ಟಸವಾದ ಗೆರೆ ಬಿಟ್ಟು ಬೇರೇನೂ ಕಾಣದು.

ಅಕ್ಷ ಸರಿಯಿದ್ದೂ ಚಿತ್ರ ದಾರಿ ತಪ್ಪಿಸಬಹುದು. 1991ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 27 ಲಕ್ಷ. 2001ರಲ್ಲಿ 18,97,730. ಯಾರಾದರೂ ಕೋಷ್ಟಕದಿಂದ ನೇರವಾಗಿ ಗೆರೆ ಎಳೆದರೆ ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನ ಮಾಯವಾದಂತೆ ಕಾಣುತ್ತದೆ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದೇ ಇದಕ್ಕೆ ಕಾರಣ. ತಾಲೂಕುಗಳ ಕಥೆಯೂ ಅದೇ. 2011ರ ಜನಗಣತಿಯ ಕಾಲಕ್ಕೆ ದಕ್ಷಿಣ ಕನ್ನಡದಲ್ಲಿ ಐದು, ಉಡುಪಿಯಲ್ಲಿ ಮೂರು ತಾಲೂಕುಗಳಿದ್ದವು. ಆಮೇಲೆ ಕಡಬ, ಮೂಡುಬಿದಿರೆ, ಬೈಂದೂರು, ಹೆಬ್ರಿ, ಕಾಪು ಎಂದು ಹೊಸವು ಬಂದವು. ಹೊಸ ಬಂಟ್ವಾಳವನ್ನೂ ಹಳೆಯ ಬಂಟ್ವಾಳವನ್ನೂ ಒಂದೇ ಗೆರೆಯಲ್ಲಿ ಕಟ್ಟುವ ಮುನ್ನ ಗಡಿ ಬದಲಾಗಿದೆಯೇ ಎಂದು ವಿಚಾರಿಸಿ.

ನನಗೆ ಅತ್ಯಂತ ಪಾಠ ಕಲಿಸಿದ ಅಂಕಿ ಉಡುಪಿಯ ಲಿಂಗಾನುಪಾತ. 2011ರ ಜನಗಣತಿಯಂತೆ ಅಲ್ಲಿ 1000 ಪುರುಷರಿಗೆ 1094 ಮಹಿಳೆಯರು. ದಕ್ಷಿಣ ಕನ್ನಡದಲ್ಲಿ 1020. ಇಡೀ ಕರ್ನಾಟಕದಲ್ಲಿ 973. ಈ ಮೂರು ಸ್ತಂಭಗಳನ್ನು ಬರೆದು ‘ಹೆಣ್ಣುಮಕ್ಕಳನ್ನು ಗೌರವಿಸುವ ಜಿಲ್ಲೆ’ ಎಂದು ಶೀರ್ಷಿಕೆ ಕೊಡುವುದು ಸುಲಭ. ಈಗ ಪಕ್ಕದಲ್ಲಿ ಇನ್ನೊಂದು ಸ್ತಂಭ ಇಡಿ. ಅದೇ ಜನಗಣತಿ, ಅದೇ ಉಡುಪಿ, ಆದರೆ ಆರು ವರ್ಷದವರೆಗಿನ ಮಕ್ಕಳು ಮಾತ್ರ: 1000 ಗಂಡುಮಕ್ಕಳಿಗೆ 958 ಹೆಣ್ಣುಮಕ್ಕಳು. ಒಮ್ಮೆಲೇ ಪ್ರಶ್ನೆ ಬದಲಾಗುತ್ತದೆ. ಮಕ್ಕಳಲ್ಲಿ ಹುಡುಗರೇ ಹೆಚ್ಚಿದ್ದರೆ ದೊಡ್ಡವರಲ್ಲಿ ಗಂಡಸರು ಎಲ್ಲಿ ಹೋದರು? ಉತ್ತರ ಈ ಸಭೆಯಲ್ಲಿರುವ ಎಷ್ಟೋ ಮನೆಗಳಲ್ಲಿದೆ. ಮುಂಬೈ, ಬೆಂಗಳೂರು, ಗಲ್ಫ್. ದುಡಿಯುವ ವಯಸ್ಸಿನ ಗಂಡಸರು ಊರು ಬಿಟ್ಟಿದ್ದಾರೆ. ಅದರ ಜೊತೆಗೆ ಮಹಿಳೆಯರು ಹೆಚ್ಚು ಕಾಲ ಬದುಕುತ್ತಾರೆ. ಮೊದಲ ಚಿತ್ರ ಹೊಗಳಿಕೆಯಲ್ಲಿ ನಿಂತುಬಿಡುತ್ತಿತ್ತು. ನಾಲ್ಕನೆಯ ಸ್ತಂಭ ಸೇರಿದೊಡನೆ ಅದು ವಲಸೆಯ ಕಥೆಯಾಯಿತು, ಊರಿನಲ್ಲಿ ಒಬ್ಬರೇ ಉಳಿದ ವೃದ್ಧ ತಾಯಂದಿರ ಕಥೆಯಾಯಿತು. ಹೆಣ್ಣುಮಗುವಿನ ವಿಷಯದಲ್ಲಿ ನಾವು ನಿಶ್ಚಿಂತರಾಗಿರುವಂತಿಲ್ಲ ಎಂಬ ಎಚ್ಚರಿಕೆಯೂ ಆಯಿತು. ಪಕ್ಕದಲ್ಲಿ ಯಾವುದನ್ನು ಇಡುತ್ತೇವೆ ಎಂಬುದೇ ಎಲ್ಲ.

ಬಣ್ಣದ ಬಗ್ಗೆ ಎರಡೇ ಮಾತು. ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಗಂಡಸರು ನಾವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ, ಅವರಲ್ಲಿ ಹಲವರಿಗೆ ಅದು ಗೊತ್ತೂ ಇಲ್ಲ. ನೀಲಿ ಮತ್ತು ಕಿತ್ತಳೆಯನ್ನು ಜೊತೆಯಾಗಿ ಬಳಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎರಡನೆಯದು, ನಮ್ಮ ಊರಿನಲ್ಲಿ ಕೇಸರಿ, ಹಸಿರು ಬಣ್ಣಗಳಿಗೆ ಈಗಾಗಲೇ ಅರ್ಥಗಳು ಅಂಟಿಕೊಂಡಿವೆ. ಶಾಲೆಗಳ ನಕ್ಷೆಗೋ ಕುಡಿಯುವ ನೀರಿನ ನಕ್ಷೆಗೋ ಅವನ್ನು ಬಳಸಿದರೆ ನೋಡುವವರು ನೀವು ಬರೆಯದಿದ್ದನ್ನೂ ಓದಿಕೊಳ್ಳುತ್ತಾರೆ. ಒಂದೇ ಬಣ್ಣದ ತಿಳಿ-ಗಾಢ ಛಾಯೆಗಳು ಸಾಕು.

ನೀವು ಮಾಡಿದ ಚಿತ್ರ ಇಂದು ಪತ್ರಿಕೆಯಲ್ಲಿ ಉಳಿಯುವುದಿಲ್ಲ. ಅರ್ಧ ಗಂಟೆಯೊಳಗೆ ಯಾರೋ ಕತ್ತರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಸುದ್ದಿಯ ಸಾಲುಗಳು ಹಿಂದೆ ಉಳಿದು ಚಿತ್ರ ಮಾತ್ರ ಊರೂರು ತಿರುಗುತ್ತದೆ. ಎರಡು ವರ್ಷದ ನಂತರ ಹಳೆಯ ನೆರೆಯ ಚಿತ್ರ ಹೊಸ ನೆರೆಯೆಂದು ಬರುವುದು ಹೀಗೆಯೇ. ಆದ್ದರಿಂದ ಅಂಕಿಯ ಮೂಲ, ದಿನಾಂಕ, ಯಾವ ಪ್ರದೇಶ ಎಂಬುದು ಚಿತ್ರದ ಒಳಗೇ ಇರಬೇಕು, ಕತ್ತರಿಸಲು ಬಾರದಂತೆ ಗೆರೆಗಳ ನಡುವೆಯೇ ಇರಬೇಕು. ಮೊಬೈಲ್ ಪರದೆಯಲ್ಲಿ ಹಿಗ್ಗಿಸದೆ ಓದಲು ಆಗುವಷ್ಟು ದೊಡ್ಡ ಅಕ್ಷರವಿರಬೇಕು. ಅಂತರ್ಜಾಲದಲ್ಲಿ ಹಾಕುವಾಗ ಚಿತ್ರದ ಸಾರವನ್ನು ಎರಡು ಸಾಲಿನಲ್ಲಿ ಪಠ್ಯವಾಗಿಯೂ ಸೇರಿಸಿ. ಕಣ್ಣು ಕಾಣದ ಓದುಗರ ಫೋನ್ ಅದನ್ನು ಓದಿ ಹೇಳುತ್ತದೆ, ಹುಡುಕುವವರಿಗೂ ಅದು ಸಿಗುತ್ತದೆ.

ಎಲ್ಲವನ್ನೂ ಚಿತ್ರ ಮಾಡಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬಸ್ಸಿನ ವೇಳಾಪಟ್ಟಿ, ಪಂಚಾಂಗ, ಕಡಲಿನ ಉಬ್ಬರ-ಇಳಿತದ ಪಟ್ಟಿ ಇವುಗಳಲ್ಲಿ ನಮಗೆ ಬೇಕಾದದ್ದು ಒಂದು ನಿರ್ದಿಷ್ಟ ಅಂಕಿ. ಅಲ್ಲಿ ಕೋಷ್ಟಕಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸಾಧನಗಳ ಬಗ್ಗೆ ಪ್ರಶ್ನೆಗಳು ಬಂದಿವೆ. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಗೊತ್ತಿದ್ದರೆ ಆರಂಭಕ್ಕೆ ಧಾರಾಳ. ಡೇಟಾರ‍್ಯಾಪರ್ ಎಂಬ ಚಿತ್ರ ಬರೆಯುವ ಜಾಲತಾಣ ಉಚಿತವಾಗಿ ಸಿಗುತ್ತದೆ, ನಕ್ಷೆಗಳಿಗೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಇದೆ. ಅಂಕಿಗಳಿಗೆ ಜನಗಣತಿಯ ಜಾಲತಾಣ, ಜಿಲ್ಲಾ ಸಾಂಖ್ಯಿಕ ಕಚೇರಿಯ ಪ್ರಕಟಣೆಗಳು, ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವೆ. ಮಳೆಯ ಅಂಕಿ ಗ್ರಾಮ ಪಂಚಾಯತ್ ಮಟ್ಟದವರೆಗೂ ದಾಖಲಾಗುತ್ತದೆ. ಇವೆಲ್ಲ ನಮ್ಮ ತೆರಿಗೆಯ ಹಣದಲ್ಲಿ ಸಂಗ್ರಹವಾದ ಅಂಕಿಗಳು, ಕೇಳಿ ಪಡೆಯಲು ಸಂಕೋಚ ಬೇಡ.

ಚಹಾದ ಬಳಿಕ ಹಿಂದಿನ ಕೋಣೆಯಲ್ಲಿ ದೊಡ್ಡ ಹಾಳೆಗಳು, ಪೆನ್ಸಿಲುಗಳು, ಮತ್ತು ಎರಡೂ ಜಿಲ್ಲೆಗಳ 2011ರ ಜನಗಣತಿಯ ತಾಲೂಕುವಾರು ಪಟ್ಟಿಗಳು ಇರುತ್ತವೆ. ಕಂಪ್ಯೂಟರ್ ಇರುವುದಿಲ್ಲ. ಐದೈದು ಜನ ಕುಳಿತುಕೊಳ್ಳಿ, ಒಂದು ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಶಿಕ್ಷಕರು ಇರುವಂತೆ ನೋಡಿಕೊಳ್ಳಿ. ಮೊದಲ ಹದಿನೈದು ನಿಮಿಷ ಯಾರೂ ಗೆರೆ ಎಳೆಯುವಂತಿಲ್ಲ. ನಿಮ್ಮ ಊರಿನವರು ಆ ಪಟ್ಟಿಯನ್ನು ನೋಡಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಹಾಳೆಯ ತಲೆಯ ಮೇಲೆ ಬರೆಯಿರಿ. ಪೆನ್ಸಿಲ್ ಹಿಡಿಯುವುದು ಅದಾದ ಮೇಲೆ.